ನೂರಾ ನಾಲ್ಕೂವರೆ ಡಿಗ್ರಿಯ ಸೊಗಸು

ನೀರಿನ ಅಣುವಿನ ಕೋನ 104.5 ಡಿಗ್ರಿ. ತೊಂಬತ್ತಲ್ಲ, ನೂರಲ್ಲ, ನೂರಿಪ್ಪತ್ತೂ ಅಲ್ಲ, ನೂರಾ ನಾಲ್ಕೂವರೆ. ಈ ಸಂಖ್ಯೆಯ ಮೇಲೆ ನನಗಿರುವ ಮೋಹ ಹಳೆಯದು, ವಯಸ್ಸಿನ ಜೊತೆ ಇಳಿಯದ್ದು. ನಡುವೆ ಒಂದು ಆಕ್ಸಿಜನ್, ಅದಕ್ಕೆ ಅಂಟಿಕೊಂಡ ಎರಡು ಪುಟ್ಟ ಹೈಡ್ರೋಜನ್. ಮೂರೇ ಪರಮಾಣು. ಆದರೂ ಅವು ಒಂದೇ ಸಾಲಿಗೆ ನಿಲ್ಲಲಿಲ್ಲ, ಲಂಬಕೋನಕ್ಕೂ ಮಡಚಿಕೊಳ್ಳಲಿಲ್ಲ. ನಡುವೆ ಒಂದು ಬಾಗಿಗೆ ಬಂದು ಅಲ್ಲೇ ಹದವಾಗಿ ನಿಂತವು. ಅಲ್ಲೇ ಯಾಕೆ ನಿಂತವು ಎಂಬುದಕ್ಕೆ ಕಾರಣವಿದೆ. ಕೈಯಲ್ಲೊಂದು ಪೆನ್ಸಿಲ್ ಇದ್ದು, ಎಂಟರವರೆಗೆ ಎಣಿಸಲು ಬಂದರೆ ಸಾಕು, ಆ ಕಾರಣವನ್ನು ಯಾರು ಬೇಕಾದರೂ ತಾವೇ ಹುಡುಕಿ ತೆಗೆಯಬಹುದು. ಎಂದೂ ಕಣ್ಣಿಗೆ ಬೀಳದ ಅಣುವಿನ ಆಕಾರವನ್ನು ಹಾಳೆಯ ಮೇಲೆ ಕಂಡುಕೊಳ್ಳುವ ಈ ಕೆಲಸಕ್ಕಿಂತ ರುಚಿಯಾದ ಅಧ್ಯಾಯ ಇಡೀ ರಸಾಯನಶಾಸ್ತ್ರದಲ್ಲಿ ನನಗೆ ಸಿಕ್ಕಿಲ್ಲ.

ಗಂಗಾವತಿ ಸೀಮೆಯಲ್ಲಿ ಕೂತು ಇದನ್ನು ಕಲಿಸುವವರ ಭಾಗ್ಯವೇ ಬೇರೆ. ಪಿಯುಸಿ ಮೊದಲ ವರ್ಷದಲ್ಲಿ ಎಲ್ಲರೂ ಓದುವ ನಾಲ್ಕು ಅಣುಗಳಿವೆ: ನೀರು, ಅಮೋನಿಯಾ, ಕಾರ್ಬನ್ ಡೈಆಕ್ಸೈಡ್, ಮೀಥೇನ್. ನಾಲ್ಕಕ್ಕೂ ನಾಲ್ಕು ಬೇರೆ ಆಕಾರ. ಈ ನಾಲ್ಕನ್ನೂ ಒಂದೇ ಜಾಗದಲ್ಲಿ, ಒಂದೇ ದಿನ ನೋಡಬೇಕೆಂದರೆ ನಮ್ಮ ನೆಲ್ಲಿನ ಗದ್ದೆಯ ಬದುವಿನ ಮೇಲೆ ನಿಂತರೆ ಸಾಕು. ಮುನಿರಾಬಾದಿನ ಅಣೆಕಟ್ಟಿನಿಂದ ಎಡದಂಡೆ ಕಾಲುವೆಯಲ್ಲಿ ಹರಿದು ಬಂದ ತುಂಗಭದ್ರೆಯ ನೀರು ಮಡಿಯಲ್ಲಿ ನಿಂತಿರುತ್ತದೆ. ನಾಟಿಯಾದ ಮೇಲೆ ಎರಚಿದ ಯೂರಿಯಾ ಆ ನೀರಲ್ಲಿ ಕರಗಿ ಅಮೋನಿಯಾ ಆಗುತ್ತಿರುತ್ತದೆ, ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತಿರುತ್ತದೆ. ಗಾಳಿಯಾಡದ ಕೆಸರಿನೊಳಗೆ ಸೂಕ್ಷ್ಮಜೀವಿಗಳು ಮೀಥೇನ್ ತಯಾರಿಸುತ್ತಿರುತ್ತವೆ. ಪುಸ್ತಕದ ಪುಟದಲ್ಲಿ ಅಕ್ಕಪಕ್ಕ ಅಚ್ಚಾದ ನಾಲ್ಕು ಚಿತ್ರಗಳು ಇಲ್ಲಿ ಒಂದೇ ಮೊಣಕಾಲುದ್ದದ ಕೆಸರಿನಲ್ಲಿ ಒಟ್ಟಿಗೆ ಬಾಳುತ್ತಿವೆ.

ಆಕಾರ ಕಂಡುಹಿಡಿಯುವ ರೀತಿ ಬಹಳ ಸರಳ. ನಡುವಿನ ಪರಮಾಣು ಯಾವುದು ಎಂದು ಮೊದಲು ನೋಡಬೇಕು. ಅದರ ಹೊರಗಿನ ಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ಎಂದು ಎಣಿಸಿ, ನೆರೆಯ ಪರಮಾಣುಗಳು ಬಂಧಕ್ಕೆಂದು ತಂದ ಎಲೆಕ್ಟ್ರಾನ್‌ಗಳನ್ನು ಕೂಡಿಸಬೇಕು. ಎಲ್ಲವನ್ನೂ ಜೋಡಿ ಮಾಡಬೇಕು. ಎಷ್ಟು ಜೋಡಿ ಬಂಧಕ್ಕೆ ಹೋದವು, ಎಷ್ಟು ಜೋಡಿ ಯಾರ ಪಾಲಿಗೂ ಹೋಗದೆ ನಡುವಿನ ಪರಮಾಣುವಿನ ಮೇಲೇ ಉಳಿದವು ಎಂದು ಗುರುತಿಸಬೇಕು. ಹೀಗೆ ಉಳಿದದ್ದನ್ನು ನಮ್ಮ ಹುಡುಗರು ಲೋನ್ ಪೇರ್ ಅನ್ನುತ್ತಾರೆ; ನಾನೂ ಹಾಗೇ ಅನ್ನುತ್ತೇನೆ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟು ಜೋಡಿಗಳು ಒಂದರಿಂದ ಒಂದು ಆದಷ್ಟು ದೂರ ಇರಬೇಕಾದರೆ ಎಲ್ಲೆಲ್ಲಿ ನಿಲ್ಲಬೇಕು?

ಎರಡೇ ಜೋಡಿಯಾದರೆ ಎದುರುಬದುರು, 180 ಡಿಗ್ರಿ. ಮೂರಾದರೆ ಒಂದು ಸಮತಟ್ಟಾದ ತ್ರಿಕೋನ, 120 ಡಿಗ್ರಿ. ನಾಲ್ಕಾದರೆ?

ಇಲ್ಲಿ ಸ್ವಲ್ಪ ನಿಲ್ಲೋಣ. ಅವಸರ ಬೇಡ. ನಾಲ್ಕು ಅಂದ ಕೂಡಲೇ ಕೈ ತಾನಾಗಿ ಬೋರ್ಡಿನ ಮೇಲೆ ಒಂದು ಕೂಡುಚಿಹ್ನೆ ಬರೆಯುತ್ತದೆ: ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು. ಎಲ್ಲ ಕೋನವೂ 90. ನೋಡಲು ಅಂದವಾಗಿಯೇ ಇದೆ. ಆದರೆ ಅದು ಬೋರ್ಡಿನ ಅಂದ, ಚಪ್ಪಟೆ ನೆಲದ ಲೆಕ್ಕ. ಅಣುವಿಗೆ ಮುಂದೆ, ಹಿಂದೆ, ಸುತ್ತಲೂ ಜಾಗ ಬಿದ್ದಿರುವಾಗ ಅದು ಒಂದು ಹಾಳೆಯೊಳಗೆ ಯಾಕೆ ಇಕ್ಕಟ್ಟಾಗಿ ಕೂತೀತು? ಹಾಳೆಯಿಂದ ಹೊರಕ್ಕೆ ಬಂದ ಕೂಡಲೇ ಆ ನಾಲ್ಕು ಜೋಡಿಗಳಿಗೆ ಇನ್ನೂ ಹತ್ತೊಂಬತ್ತೂವರೆ ಡಿಗ್ರಿ ಬಿಡುವು ಸಿಗುತ್ತದೆ. 90 ಇದ್ದದ್ದು 109.5 ಆಗುತ್ತದೆ.

ಇದನ್ನು ಕೈಯಲ್ಲೇ ಮಾಡಿ ನೋಡುವ ಸುಖ ಬೇರೆ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ನಾದುವಷ್ಟೇ ನಾದಿ, ಬಿರುಕು ಬಿಡದ ಹಾಗೆ ನುಣ್ಣಗೆ ಒಂದು ಉಂಡೆ ಮಾಡಿ. ನಾಲ್ಕು ಉದ್ದನೆಯ ಜಾಲಿಮುಳ್ಳು ತನ್ನಿ, ಬೆಳ್ಳಗೆ ಒಣಗಿದ್ದರೆ ಇನ್ನೂ ಚೆಂದ. ಮೊದಲ ಮುಳ್ಳನ್ನು ನೆಟ್ಟಗೆ ಮೇಲಕ್ಕೆ ಚುಚ್ಚಿ. ಉಳಿದ ಮೂರನ್ನು ಕೆಳಗಿನ ಅರ್ಧದಲ್ಲಿ, ಒಂದರಿಂದ ಒಂದು ಸಮದೂರ ಬರುವ ಹಾಗೆ, ತುಸು ಕೆಳಕ್ಕೆ ಇಳಿಬಿಟ್ಟು ಚುಚ್ಚಿ. ಕಣ್ಣಳತೆಯಲ್ಲೇ ತಿದ್ದುತ್ತಾ ಹೋಗಿ: ಎರಡು ಮುಳ್ಳುಗಳ ನಡುವೆ ಕಿಷ್ಕಿಂಧೆ ಅನ್ನಿಸಿದರೆ ಬಿಡಿಸಿ, ಖಾಲಿ ಅನ್ನಿಸಿದರೆ ಹತ್ತಿರ ತನ್ನಿ. ಒಂದು ಹಂತದಲ್ಲಿ ತಿದ್ದಲು ಏನೂ ಉಳಿಯುವುದಿಲ್ಲ. ಆಗ ಅದನ್ನು ನೆಲದ ಮೇಲೆ ಇಡಿ. ಮೂರು ಮೊನೆಯ ಮೇಲೆ ಗಟ್ಟಿಯಾಗಿ ನಿಂತು ನಾಲ್ಕನೆಯದನ್ನು ಮೇಲೆತ್ತಿ ತೋರಿಸುತ್ತದೆ. ಹೊರಳಿಸಿ ಇಡಿ, ಮತ್ತೆ ಅದೇ ನಿಲುವು. ಹೇಗೆ ಬಿದ್ದರೂ ಒಂದು ಮೊನೆಯನ್ನು ಆಕಾಶಕ್ಕೇ ಮಾಡುವ ನೆಗ್ಗಿಲು ಮುಳ್ಳಿನ ಹಾಗೆ, ಇದಕ್ಕೆ ಮೇಲು ಕೆಳಗು ಎಂಬ ಭೇದವೇ ಇಲ್ಲ. ನಾಲ್ಕೂ ದಿಕ್ಕು ಸರಿಸಮ. ಇದೇ ಚತುಷ್ಫಲಕ, ಹುಡುಗರ ಬಾಯಲ್ಲಿ ಟೆಟ್ರಾಹೆಡ್ರಲ್. ಇದೇ ಮೀಥೇನ್.

ಲೆಕ್ಕದ ರುಚಿ ಇರುವವರಿಗೆ ಇನ್ನೊಂದು ತುತ್ತು. ಒಂದು ಘನ ತೆಗೆದುಕೊಳ್ಳಿ, ಸೀಮೆಸುಣ್ಣದ ಚೌಕ ಡಬ್ಬಿಯಾದರೂ ನಡೆದೀತು. ಅದರ ಎಂಟು ಮೂಲೆಗಳಲ್ಲಿ ಒಂದು ಬಿಟ್ಟು ಒಂದನ್ನು ಗುರುತು ಮಾಡಿದರೆ ನಾಲ್ಕು ಮೂಲೆ ಸಿಗುತ್ತವೆ. ಡಬ್ಬಿಯ ನಟ್ಟನಡುವಿನಿಂದ ಆ ನಾಲ್ಕಕ್ಕೂ ದಾರ ಕಟ್ಟಿದರೆ ಯಾವ ಎರಡು ದಾರದ ನಡುವೆಯೂ ಅದೇ ಕೋನ. ಆ ಕೋನದ ಕೊಸೈನ್ ಮೈನಸ್ ಮೂರನೇ ಒಂದು. ಡಿಗ್ರಿಯಲ್ಲಿ ಬರೆದರೆ 109 ಡಿಗ್ರಿ 28 ಮಿನಿಟು ಎಂದು ಒರಟೊರಟಾಗಿ ಕಾಣುವ ಸಂಖ್ಯೆಯ ಬೆನ್ನಿಗೆ ಇಷ್ಟು ನುಣುಪಾದ ಒಂದು ಭಿನ್ನರಾಶಿ ಅಡಗಿ ಕೂತಿದೆ.

ಕಾರ್ಬನ್ನಿನ ಈ ಚತುಷ್ಫಲಕವನ್ನು ಮೊದಲು ಕಂಡವರು ಎಲೆಕ್ಟ್ರಾನ್ ಎಂಬ ಹೆಸರನ್ನೇ ಕೇಳಿರಲಿಲ್ಲ. 1874ರಲ್ಲಿ ಹಾಲೆಂಡಿನ ವ್ಯಾಂಟ್ ಹಾಫ್ ಮತ್ತು ಫ್ರಾನ್ಸಿನ ಲೆ ಬೆಲ್ ಪರಸ್ಪರ ಬೇರೆಬೇರೆಯಾಗಿಯೇ ಈ ಮಾತು ಹೇಳಿದರು. ವ್ಯಾಂಟ್ ಹಾಫ್‌ಗೆ ಆಗ ಇಪ್ಪತ್ತೆರಡು ವರ್ಷ. ರಟ್ಟಿನ ಕಾಗದ ಕತ್ತರಿಸಿ, ಮಡಚಿ, ಅಂಟಿಸಿ ಪುಟ್ಟಪುಟ್ಟ ಚತುಷ್ಫಲಕಗಳನ್ನು ಮಾಡಿ ಬೇರೆ ರಸಾಯನಶಾಸ್ತ್ರಜ್ಞರಿಗೆ ಕಳಿಸಿಕೊಟ್ಟ. ಆ ಕಾಲದ ದೊಡ್ಡ ವಿದ್ವಾಂಸ ಕೋಲ್ಬೆ 1877ರಲ್ಲಿ ಅವನ ಮೇಲೆ ಕಟುವಾಗಿ ಹರಿಹಾಯ್ದ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರಲ್ಲಿ, ಬಂದದ್ದು ಅದೇ ವ್ಯಾಂಟ್ ಹಾಫ್‌ಗೆ. ಬೇರೆ ಕೆಲಸಕ್ಕಾಗಿ ಅನ್ನುವುದು ನಿಜ, ಆದರೆ ನನ್ನ ಮನಸ್ಸಿನಲ್ಲಿ ಆತ ಸದಾ ಕತ್ತರಿ ಮತ್ತು ಅಂಟು ಹಿಡಿದೇ ಕೂತಿರುತ್ತಾನೆ.

ಎಲೆಕ್ಟ್ರಾನ್ ಜೋಡಿಗಳನ್ನು ಎಣಿಸಿ ಆಕಾರ ಹೇಳಬಹುದು ಎಂಬ ಮಾತು ಬಂದದ್ದು 1940ರಲ್ಲಿ, ಆಕ್ಸ್‌ಫರ್ಡಿನ ಸಿಜ್‌ವಿಕ್ ಮತ್ತು ಪೋವೆಲ್ ಅವರಿಂದ. ಅದನ್ನು ಇವತ್ತಿನ ಹದಕ್ಕೆ ತಂದವರು ಗಿಲ್ಲೆಸ್ಪಿ ಮತ್ತು ನೈಹೋಮ್, 1957ರಲ್ಲಿ. ನಮ್ಮ ಹುಡುಗರು ವೆಸ್ಪರ್ ಎಂದು ಬಾಯಿಪಾಠ ಮಾಡುವುದು ಈ ಇಬ್ಬರ ನಿಯಮವನ್ನೇ. ಜೋಡಿಗಳು ದೂರ ಸರಿಯುವುದು ಬರೀ ಒಂದೇ ಬಗೆಯ ವಿದ್ಯುದಂಶದ ತಳ್ಳಾಟದಿಂದಲ್ಲ. ಒಂದೇ ಸ್ಪಿನ್ ಇರುವ ಎರಡು ಎಲೆಕ್ಟ್ರಾನ್‌ಗಳು ಒಂದೇ ಜಾಗದಲ್ಲಿ ಇರಲಾರವು ಎಂಬ ಪೌಲಿಯ ನಿಯಮವೇ ಇದರ ಬೇರು ಎಂದು ಗಿಲ್ಲೆಸ್ಪಿ ಒತ್ತಿ ಹೇಳುತ್ತಿದ್ದರು. ಅಂದರೆ ಆಕಾರವೆಂಬುದು ಜಾಗದ ಹಂಚಿಕೆ.

ಈಗ ಅಮೋನಿಯಾಕ್ಕೆ ಬನ್ನಿ. ನೈಟ್ರೋಜನ್‌ಗೆ ಸ್ವಂತದ್ದು ಐದು ಎಲೆಕ್ಟ್ರಾನ್, ಮೂರು ಹೈಡ್ರೋಜನ್ ತಂದದ್ದು ಮೂರು, ಎಂಟು. ನಾಲ್ಕು ಜೋಡಿ. ಮೂರು ಬಂಧಕ್ಕೆ ಹೋದವು, ಒಂದು ಉಳಿಯಿತು. ಜೋಡಿಗಳು ನಿಂತದ್ದು ಚತುಷ್ಫಲಕದ ನಾಲ್ಕು ಮೂಲೆಗೇ. ಆದರೆ ಪರಮಾಣು ಇರುವುದು ಮೂರು ಮೂಲೆಯಲ್ಲಿ ಮಾತ್ರ. ಹಾಗಾಗಿ ಅಣು ಒಂದು ತಗ್ಗಾದ ಪಿರಮಿಡ್ಡಾಗಿ ಕಾಣುತ್ತದೆ. ಈ ಚಿತ್ರ ಬರೆದಾಗಲೆಲ್ಲ ಬೆಂಚಿನ ಮೇಲಿನಿಂದ ಬರುವ ಪ್ರಶ್ನೆ ನನಗೆ ಬಲು ಇಷ್ಟ. ಯಲಬುರ್ಗಾ ಕಡೆಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ದಳು: “ಸರ, ಆಕಡೆ ಏನೂ ಇಲ್ಲಲ್ರಿ. ಮತ್ತ ಈ ಮೂರೂ ಹೈಡ್ರೋಜನ್ ಯಾಕ ಕೆಳಗ ಬಾಗ್ಯಾವು?”

“ಚಿತ್ರದಾಗ ಇಲ್ಲವ್ವಾ, ಅಣುವಿನಾಗ ಐತಿ” ಅಂದೆ.

ಇಡೀ ವಿಷಯದ ಜೀವ ಇರುವುದು ಇಲ್ಲಿ. ಬಂಧದ ಜೋಡಿಯನ್ನು ಎರಡು ಪರಮಾಣು ಕೇಂದ್ರಗಳು ಎರಡು ಕಡೆಯಿಂದ ಹಿಡಿದಿರುತ್ತವೆ. ಅದು ನಡುವೆ ನೀಳವಾಗಿ, ತೆಳ್ಳಗೆ ಇರುತ್ತದೆ. ಲೋನ್ ಪೇರ್‌ಗೆ ಒಂದೇ ಕೇಂದ್ರದ ಹಿಡಿತ. ಅದು ಅದರ ಹತ್ತಿರವೇ ಉಳಿದು, ಅಗಲಕ್ಕೆ ಹರಡಿ, ದಪ್ಪವಾಗಿ ಕೂರುತ್ತದೆ. ಕೂತ ಜಾಗದಿಂದ ಪಕ್ಕದ ಬಂಧಗಳನ್ನು ತುಸು ಒತ್ತುತ್ತದೆ. ಅಮೋನಿಯಾದಲ್ಲಿ ಅಂಥದ್ದು ಒಂದು, 109.5 ಇರಬೇಕಾದ ಕೋನ 107ಕ್ಕೆ ಇಳಿಯಿತು. ನೀರಿನಲ್ಲಿ ಅಂಥವು ಎರಡು. ಎರಡೂ ಸೇರಿ ಒತ್ತಿದ್ದಕ್ಕೆ ಕೋನ 104.5. ನೂರೊಂಬತ್ತೂವರೆ, ನೂರೇಳು, ನೂರಾ ನಾಲ್ಕೂವರೆ. ಈ ಮೂರು ಸಂಖ್ಯೆಗಳನ್ನು ಒಂದಾದ ಮೇಲೊಂದು, ನಿಧಾನವಾಗಿ, ಬಾಯಿಬಿಟ್ಟು ಹೇಳಿ ನೋಡಿ. ಪ್ರತಿ ಇಳಿತಕ್ಕೂ ಒಂದು ಕಾಣದ ಜೋಡಿ ಕಾರಣ. ಕಾಣುವ ಪರಮಾಣುಗಳ ನಿಲುವನ್ನು ತಿದ್ದಿದ್ದು ಹೆಸರಿಗೂ ಸೂತ್ರಕ್ಕೂ ಸೇರದ, ಚಿತ್ರದಲ್ಲಿ ಎರಡು ಚುಕ್ಕಿಯಾಗಿ ಉಳಿದ ಈ ಲೋನ್ ಪೇರ್.

ಎಲ್ಲ ಕಡೆಯೂ ಇಳಿತ ಇಷ್ಟು ನಯವಾಗಿ ಇರುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿನ ಒಡಹುಟ್ಟು. ಆಕ್ಸಿಜನ್ ಜಾಗದಲ್ಲಿ ಗಂಧಕ ಕೂತಿದೆ, ಅಷ್ಟೇ. ಅದರ ಕೋನ ಸುಮಾರು 92. ಅದು ಬಾಗಿರಬೇಕು, ಕೋನ 109.5ಕ್ಕಿಂತ ಕಡಿಮೆ ಇರಬೇಕು ಎಂದು ನಮ್ಮ ಎಣಿಕೆ ಸರಿಯಾಗಿಯೇ ಹೇಳುತ್ತದೆ. ಎಷ್ಟು ಕಡಿಮೆ ಎಂದು ಹೇಳುವುದು ಅದರ ಕೆಲಸವಲ್ಲ. ಒಂದು ಪೆನ್ಸಿಲ್ಲಿನ ಲೆಕ್ಕ ಇಷ್ಟು ದೂರ ಕರೆದೊಯ್ಯುತ್ತದಲ್ಲ ಎಂಬುದೇ ನನಗೆ ದೊಡ್ಡದು.

ಬಾಗುವುದರಿಂದ ಏನಾಯಿತು ಎಂದು ಗದ್ದೆಗೆ ಇಳಿದು ನೋಡೋಣ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಗುಣದ್ದು. ನೀರು ನೆಟ್ಟಗಿದ್ದಿದ್ದರೆ ಎರಡು ಕಡೆಯ ಎಳೆತ ಒಂದನ್ನೊಂದು ಹೊಡೆದುಹಾಕುತ್ತಿತ್ತು. ಬಾಗಿರುವುದರಿಂದ ಒಂದು ತುದಿಗೆ ತುಸು ಋಣ, ಇನ್ನೊಂದು ತುದಿಗೆ ತುಸು ಧನ. ಹಾಗಾಗಿ ಒಂದು ನೀರಿನ ಅಣು ಇನ್ನೊಂದರ ಕೈ ಹಿಡಿಯುತ್ತದೆ. ಲೋನ್ ಪೇರ್ ಇರುವ ಕಡೆಗೆ ನೆರೆಯ ಹೈಡ್ರೋಜನ್ ಬಂದು ಒರಗುತ್ತದೆ. ಈ ಹಿಡಿತ ಬಿಡಿಸಲು ನೂರು ಡಿಗ್ರಿ ಸೆಲ್ಸಿಯಸ್ ಕಾಯಿಸಬೇಕು. ಆ ಹಿಡಿತ ಅಷ್ಟಾಗಿ ಇಲ್ಲದ ಹೈಡ್ರೋಜನ್ ಸಲ್ಫೈಡ್, ತೂಕದಲ್ಲಿ ಹೆಚ್ಚಿದ್ದರೂ, ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೇ ಕುದಿದು ಗಾಳಿಯಾಗುತ್ತದೆ. ತುಂಗಭದ್ರೆ ನದಿಯಾಗಿ ಹರಿಯುತ್ತಿರುವುದು, ಕಾಲುವೆಯಲ್ಲಿ ನಿಂತಿರುವುದು, ಯೂರಿಯಾವನ್ನು ಕರಗಿಸಿ ಬೇರಿಗೆ ಮುಟ್ಟಿಸುತ್ತಿರುವುದು, ಎಲ್ಲದರಲ್ಲೂ ಆ ಬಾಗಿನ ಪಾಲಿದೆ.

ಮೀಥೇನ್‌ಗೆ ಇಂಥ ಹಿಡಿತ ಯಾವುದೂ ಇಲ್ಲ. ನಾಲ್ಕೂ ದಿಕ್ಕು ಸರಿಸಮವಾಗಿರುವುದರಿಂದ ಎಳೆತವೆಲ್ಲ ಅಲ್ಲಲ್ಲೇ ಇತ್ಯರ್ಥವಾಗಿ, ಅಣುವಿಗೆ ಧನದ ತುದಿಯೂ ಇಲ್ಲ, ಋಣದ ತುದಿಯೂ ಇಲ್ಲ. ನೀರು ಅದನ್ನು ತನ್ನೊಳಗೆ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಕೆಸರಿನ ಮಡಿಯಲ್ಲಿ ಕಾಲಿಟ್ಟ ಕೂಡಲೇ ಪಾದದ ಸುತ್ತ ಬುಳುಬುಳು ಎದ್ದು ಬರುವ ಗುಳ್ಳೆಗಳನ್ನು ನಾಟಿ ಮಾಡಿದ ಯಾರಾದರೂ ಬಲ್ಲರು. ಆ ಗುಳ್ಳೆಗಳಲ್ಲಿ ಇರುವುದು ಬಹುಪಾಲು ಈ ಮೀಥೇನೇ. ಅಷ್ಟು ಸಮನಾದ ಆಕಾರಕ್ಕೆ ನೀರಿನಲ್ಲಿ ನೆಲೆ ಸಿಗದೆ ಅದು ಮೇಲೆ ಬಂತು.

ಇನ್ನು ಯೂರಿಯಾ. ಗೊಬ್ಬರದ ಅಂಗಡಿಯಿಂದ ತಂದ ಆ ಬಿಳಿ ಹರಳಿನ ತೂಕದಲ್ಲಿ ನೂರಕ್ಕೆ 46 ಪಾಲು ನೈಟ್ರೋಜನ್. ಅಣುವಿನ ನಡುವೆ ಒಂದು ಕಾರ್ಬನ್, ಅದರ ಸುತ್ತ ಒಂದು ಆಕ್ಸಿಜನ್, ಎರಡು ನೈಟ್ರೋಜನ್. ಎರಡೆಳೆಯ ಬಂಧವನ್ನೂ ಒಂದೇ ದಿಕ್ಕೆಂದು ಎಣಿಸುವುದು ನಮ್ಮ ನಿಯಮದ ಇನ್ನೊಂದು ಸೊಬಗು. ಹಾಗೆಣಿಸಿದರೆ ಕಾರ್ಬನ್ ಸುತ್ತ ಮೂರು ದಿಕ್ಕು, ಸಮತಟ್ಟಾದ ತ್ರಿಕೋನ. ಮಣ್ಣಿನ ಯೂರಿಯೇಸ್ ಎಂಬ ಕಿಣ್ವ ಒಂದು ಯೂರಿಯಾ ಅಣುವನ್ನೂ ಒಂದು ನೀರಿನ ಅಣುವನ್ನೂ ಕೂಡಿಸಿ ಒಡೆಯುತ್ತದೆ. ಹೊರಬರುವುದು ಎರಡು ಅಮೋನಿಯಾ, ಒಂದು ಕಾರ್ಬನ್ ಡೈಆಕ್ಸೈಡ್. ಅಂದರೆ ಒಂದು ಚಪ್ಪಟೆ ತ್ರಿಕೋನವೂ ಒಂದು ಬಾಗಿದ ಅಣುವೂ ಸೇರಿ ಎರಡು ಪಿರಮಿಡ್ಡು, ಒಂದು ನೆಟ್ಟನೆಯ ಗೆರೆ. ಆ ಗೆರೆಯ ಲೆಕ್ಕ ಕಣ್ಣು ಮುಚ್ಚಿ ಮಾಡಬಹುದು: ಕಾರ್ಬನ್ ತನ್ನ ನಾಲ್ಕು ಎಲೆಕ್ಟ್ರಾನನ್ನೂ ಎರಡು ಆಕ್ಸಿಜನ್‌ಗೆ ಸಮವಾಗಿ ಹಂಚಿತು, ಲೋನ್ ಪೇರ್ ಉಳಿಯಲಿಲ್ಲ, ದಿಕ್ಕು ಎರಡೇ, ಕೋನ 180. ಅದೇ ಗಂಧಕ ಸುಟ್ಟಾಗ ಬರುವ ಸಲ್ಫರ್ ಡೈಆಕ್ಸೈಡ್‌ನಲ್ಲೂ ಆಕ್ಸಿಜನ್ ಎರಡೇ. ಆದರೆ ಗಂಧಕದ ಮೇಲೆ ಒಂದು ಲೋನ್ ಪೇರ್ ಉಳಿದ ಕಾರಣ ಅದು 119 ಡಿಗ್ರಿಯಷ್ಟಕ್ಕೆ ಬಾಗಿತು.

ಹುಟ್ಟಿದ ಅಮೋನಿಯಾ ಹಾಗೇ ಉಳಿಯುವುದಿಲ್ಲ. ನನಗೆ ಎಲ್ಲಕ್ಕಿಂತ ಪ್ರಿಯವಾದ ಘಟ್ಟ ಇದು. ನೀರಿನಿಂದ ಒಂದು ಹೈಡ್ರೋಜನ್, ತನ್ನ ಎಲೆಕ್ಟ್ರಾನನ್ನು ಬಿಟ್ಟು ಬರಿಗೈಯಲ್ಲಿ, ಅಮೋನಿಯಾದ ಹತ್ತಿರ ಬರುತ್ತದೆ. ಅಲ್ಲಿವರೆಗೆ ಯಾರ ಪಾಲಿಗೂ ಹೋಗದೆ ಅಗಲವಾಗಿ ಹರಡಿ ಕೂತಿದ್ದ ಲೋನ್ ಪೇರ್ ಅದಕ್ಕೆ ಇಂಬು ಕೊಡುತ್ತದೆ. ಇಂಬು ಕೊಟ್ಟ ಗಳಿಗೆಯೇ ಅದು ಲೋನ್ ಪೇರ್ ಆಗಿ ಉಳಿಯುವುದಿಲ್ಲ. ಬಂಧವಾಗುತ್ತದೆ, ನೀಳವಾಗುತ್ತದೆ, ತೆಳ್ಳಗಾಗುತ್ತದೆ. ಪಕ್ಕದವರ ಮೇಲಿನ ಒತ್ತು ಬಿಡುತ್ತದೆ. ಮೂರು ಹೈಡ್ರೋಜನ್‌ಗಳು ಮೆಲ್ಲನೆ ಬಿಡಿಸಿಕೊಳ್ಳುತ್ತವೆ. 107 ಇದ್ದ ಕೋನ ತೆರೆದುಕೊಂಡು, ಮತ್ತೆ, ಕರಾರುವಾಕ್ಕಾಗಿ, 109.5. ಅಮೋನಿಯಂ ಅಯಾನು. ಮೀಥೇನಿನದೇ ಆಕಾರ, ಆದರೆ ಮೈಮೇಲೆ ಒಂದು ಧನ ವಿದ್ಯುದಂಶ. ಹಾಗಾಗಿ ಇದನ್ನು ನೀರು ಹೊರಗೆ ತಳ್ಳುವುದಿಲ್ಲ, ಸುತ್ತುವರಿದು ಇಟ್ಟುಕೊಳ್ಳುತ್ತದೆ. ನೀರು ನಿಂತ ಗದ್ದೆಯಲ್ಲಿ ನೆಲ್ಲಿನ ಬೇರು ನೈಟ್ರೋಜನ್ನನ್ನು ಹೆಚ್ಚಾಗಿ ಹೀರುವುದು ಈ ರೂಪದಲ್ಲೇ. ಗಂಗಾವತಿಯ ಸೋನಾ ಮಸೂರಿಯ ಹಸಿರೆಲ್ಲ ಈ ಚತುಷ್ಫಲಕದ ದಾರಿಯಲ್ಲಿ ಮೇಲೇರಿದ್ದು.

ಬಿಡುವಾಗಿ ಇರುವ ಅಮೋನಿಯಾಕ್ಕೆ ಇನ್ನೊಂದು ಸೊಗಸಿನ ಆಟ ಗೊತ್ತಿದೆ. ಗಾಳಿಯ ರೂಪದಲ್ಲಿ ಇರುವಾಗ ಅದರ ನೈಟ್ರೋಜನ್ ಮೂರು ಹೈಡ್ರೋಜನ್‌ಗಳ ಸಮತಲವನ್ನು ದಾಟಿ ಆಚೆ ಹೋಗುತ್ತದೆ, ಪಿರಮಿಡ್ ತಲೆಕೆಳಗಾಗುತ್ತದೆ, ಮತ್ತೆ ಈಚೆ ಬರುತ್ತದೆ. ಸೆಕೆಂಡಿಗೆ ಸುಮಾರು 2,400 ಕೋಟಿ ಸಲ. ಈ ತಾಳವನ್ನೇ ಹಿಡಿದು ಟೌನ್ಸ್ ಮತ್ತು ಸಂಗಡಿಗರು 1954ರ ಹೊತ್ತಿಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮೇಸರ್ ನಡೆಸಿ ತೋರಿಸಿದರು. ಲೇಸರ್ ಹುಟ್ಟಿದ್ದು ಅದರ ಬೆನ್ನಿಗೆ.

ಲೆಕ್ಕ ಸರಿ, ಅಣುವನ್ನು ನೋಡಿದವರು ಯಾರು ಎಂದು ಕೇಳುವವರಿಗೆ ನಮ್ಮ ನಾಡಿನಲ್ಲೇ ಉತ್ತರಗಳಿವೆ. 1928ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದು 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸಿ.ವಿ. ರಾಮನ್ ಅಣುವಿನ ಕಂಪನವನ್ನು ಬೆಳಕಿನಿಂದಲೇ ಓದುವ ದಾರಿ ತೆರೆದರು. ಕಾರ್ಬನ್ ಡೈಆಕ್ಸೈಡ್‌ನ ಎರಡು ಆಕ್ಸಿಜನ್ ಒಟ್ಟಿಗೆ ಹೊರಕ್ಕೂ ಒಟ್ಟಿಗೆ ಒಳಕ್ಕೂ ಚಲಿಸುವ ಕಂಪನ ರಾಮನ್ ರೋಹಿತದಲ್ಲಿ ಕಾಣುತ್ತದೆ, ಅವಕೆಂಪು ರೋಹಿತದಲ್ಲಿ ಕಾಣುವುದಿಲ್ಲ. ಎರಡು ಬದಿಯೂ ಕನ್ನಡಿಯಲ್ಲಿ ನೋಡಿದಷ್ಟು ಸಮವಾಗಿ, ನೆಟ್ಟಗೆ ಇದ್ದರೆ ಮಾತ್ರ ಹೀಗಾಗಲು ಸಾಧ್ಯ. ನೀರಿನ ಮೂರು ಕಂಪನಗಳೂ ಎರಡೂ ಕಡೆ ಕಾಣುತ್ತವೆ, ಅದು ಬಾಗಿದೆ. ಬಸವನಗುಡಿಯಲ್ಲಿ 1934ರಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ, 1958ರ ಡಾಕ್ಟರೇಟಿನ ದಿನಗಳಲ್ಲಿ, ಇನ್ನೊಂದು ದಾರಿ ಹಿಡಿದಿದ್ದರು: ತೆಳುವಾದ ಅನಿಲದ ಧಾರೆಗೆ ಅಡ್ಡಲಾಗಿ ಎಲೆಕ್ಟ್ರಾನ್‌ಗಳ ಕಿರಣ ಹಾಯಿಸುವುದು, ಫೋಟೋ ಫಲಕದ ಮೇಲೆ ಮೂಡಿದ ಉಂಗುರಗಳ ಅಂತರದಿಂದ ಪರಮಾಣು ಪರಮಾಣುವಿನ ದೂರ ಅಳೆಯುವುದು, ಆ ದೂರಗಳಿಂದ ಕೋನ ಕಟ್ಟುವುದು. ಮಸುಕಾದ ಉಂಗುರಗಳಿಂದ ಒಂದು ಅಣುವಿನ ಮೈಕಟ್ಟು ಎದ್ದು ಬರುವ ಆ ತಾಳ್ಮೆಯ ಕುಸುರಿ ನೆನೆದರೆ ಮೈ ಜುಮ್ಮೆನ್ನುತ್ತದೆ.

ಐದು ಜೋಡಿ, ಆರು ಜೋಡಿಗಳ ಲೋಕವೂ ಇದೆ. ಆರು ಬಂಧದ ಸಲ್ಫರ್ ಹೆಕ್ಸಾಫ್ಲೋರೈಡ್ ಎಲ್ಲ ಕಡೆ 90 ಡಿಗ್ರಿಯ ಅಷ್ಟಫಲಕ. ದೊಡ್ಡ ಸಬ್‌ಸ್ಟೇಷನ್‌ಗಳ ಬ್ರೇಕರ್‌ಗಳಲ್ಲಿ ಕಿಡಿ ಆರಿಸಲು ತುಂಬುವ ಅನಿಲ ಅದು. ಆದರೆ ನನ್ನ ಒಲವು ಕ್ಲೋರಿನ್ ಟ್ರೈಫ್ಲೋರೈಡ್ ಮೇಲೆ. ಐದು ಜೋಡಿ, ಅದರಲ್ಲಿ ಎರಡು ಲೋನ್ ಪೇರ್. ಐದು ದಿಕ್ಕುಗಳಲ್ಲಿ ನಡುಪಟ್ಟಿಯ ಮೂರು ಜಾಗ ಸ್ವಲ್ಪ ವಿಶಾಲ, ಮೇಲೆ ಕೆಳಗಿನ ಎರಡು ಜಾಗ ಇಕ್ಕಟ್ಟು. ದಪ್ಪ ಮೈಯ ಲೋನ್ ಪೇರ್‌ಗಳೆರಡೂ ವಿಶಾಲವಾದ ಜಾಗ ಆರಿಸಿಕೊಂಡವು. ಉಳಿದ ಮೂರು ಫ್ಲೋರಿನ್ ನಿಂತ ಆಕಾರ ಇಂಗ್ಲಿಷಿನ ಟಿ ಅಕ್ಷರದ್ದು. ಅದೂ ಪೂರ್ತಿ 90 ಅಲ್ಲ, ಲೋನ್ ಪೇರ್‌ಗಳ ಒತ್ತಿಗೆ 87.5. ಈ ಎರಡೂವರೆ ಡಿಗ್ರಿಯ ಬಾಗನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. 1962ರಲ್ಲಿ ಯಾರೊಡನೆಯೂ ಕೂಡದು ಎಂದು ಹೆಸರಾಗಿದ್ದ ಝೆನಾನ್ ನಾಲ್ಕು ಫ್ಲೋರಿನ್‌ಗಳೊಡನೆ ಕೂಡಿದಾಗಲೂ ಇದೇ ಎಣಿಕೆ ಕೈಕೊಡಲಿಲ್ಲ: ಆರು ಜೋಡಿ, ಎದುರುಬದುರು ಎರಡು ಲೋನ್ ಪೇರ್, ನಡುವೆ ಅಚ್ಚುಕಟ್ಟಾದ ಚೌಕ.

ಕೊಪ್ಪಳದಲ್ಲಿ ಇದ್ದು ಕಲ್ಲಿನ ಮಾತು ಬಿಡುವುದುಂಟೇ. ಕಾರ್ಬನ್‌ನ ಕೆಳಮನೆಯಲ್ಲಿ ಇರುವುದು ಸಿಲಿಕಾನ್. ಅದರ ಆಕ್ಸೈಡಿನ ಸೂತ್ರವೂ ಒಂದಕ್ಕೆ ಎರಡು ಆಕ್ಸಿಜನ್. ಆದರೆ ಒಂದು ನಾವು ಬಿಡುವ ಉಸಿರು, ಇನ್ನೊಂದು ಗಟ್ಟಿ ಬಂಡೆ. ಕಾರ್ಬನ್ ಆಕ್ಸಿಜನ್ ಜೊತೆ ಎರಡೆಳೆಯ ಬಂಧ ಸಲೀಸಾಗಿ ಕಟ್ಟಿ ಎರಡೇ ದಿಕ್ಕಿಗೆ ತೃಪ್ತವಾಯಿತು. ಸಿಲಿಕಾನ್‌ಗೆ ಅದು ಒಗ್ಗದು. ನಾಲ್ಕು ಒಂಟಿ ಎಳೆ, ನಾಲ್ಕು ಆಕ್ಸಿಜನ್, ನಾಲ್ಕು ದಿಕ್ಕು. ಮತ್ತೆ ಚತುಷ್ಫಲಕ. ಪ್ರತಿ ಆಕ್ಸಿಜನ್ನೂ ಇನ್ನೊಂದು ಸಿಲಿಕಾನಿನ ಕೈ ಹಿಡಿದಿರುವುದರಿಂದ ಮೂಲೆಗೆ ಮೂಲೆ ಕೂಡಿ ಇದು ಎಲ್ಲಿಯೂ ಮುಗಿಯುವುದೇ ಇಲ್ಲ. ಕೂಡುವ ಆ ಮೂಲೆಯಲ್ಲಿ ಆಕ್ಸಿಜನ್ ತನ್ನ ಎರಡು ಲೋನ್ ಪೇರ್ ಇಟ್ಟುಕೊಂಡು ಇಲ್ಲೂ ಬಾಗಿಯೇ ನಿಂತಿದೆ. ಬೆಣಚುಕಲ್ಲಿನಲ್ಲಿ ಆ ಬಾಗು ಸುಮಾರು 144 ಡಿಗ್ರಿ. ಆನೆಗೊಂದಿಯ ಗುಂಡುಗಳು, ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಚಪ್ಪಡಿ, ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಅಕ್ಷರ ಹೊತ್ತ ಬಂಡೆ, ಇವೆಲ್ಲ ಗಟ್ಟಿಯಾಗಿರುವುದು ಮೂರು ಆಯಾಮಕ್ಕೂ ಹೆಣೆದುಕೊಂಡ ಇಂಥ ಚತುಷ್ಫಲಕಗಳಿಂದ.

ಅದೇ ಸಿಲಿಕಾನ್ ಕರಗಿ ನೀರಿಗೆ ಇಳಿದಾಗ ನಾಲ್ಕು ಹೈಡ್ರಾಕ್ಸಿಲ್ ಹೊತ್ತ ಪುಟ್ಟ ಸಿಲಿಸಿಕ್ ಆಮ್ಲವಾಗುತ್ತದೆ. ನೆಲ್ಲಿಗೆ ಇದೆಂದರೆ ಬಹಳ ಆಸೆ. ಬೇರಿನಿಂದ ಹೀರಿ ಎಲೆಯ ಅಂಚಿಗೂ ಕಾಳಿನ ಹೊಟ್ಟಿಗೂ ಸಾಗಿಸಿ ಅಲ್ಲಿ ಸಿಲಿಕಾ ಮಾಡಿ ಕೂಡಿಸಿಡುತ್ತದೆ. ಕಳೆ ಕೀಳುವಾಗ ಮುಂಗೈ ತರಚುವ ಎಲೆಯ ಗರಗಸ ಅದರದೇ. ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಹೊಟ್ಟು ಉರಿದು ಉಳಿಯುವ ಬೂದಿಯಲ್ಲೂ ಬಹುಪಾಲು ಇದೇ.

ಇನ್ನು ಇಟಗಿಯ ಮಹಾದೇವ ದೇವಾಲಯ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಆ ಊರಿನಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅಲ್ಲಿನ ಕಂಬಗಳ ನುಣುಪು, ಬಾಗಿಲುವಾಡದ ಬಳ್ಳಿಯ ಸುರುಳಿ, ಒಂದರೊಳಗೊಂದು ಇಳಿದ ಮಣಿಸಾಲು, ಇದೆಲ್ಲ ಗಟ್ಟಿ ಬಂಡೆಯಲ್ಲಿ ಬರುವಂಥದ್ದಲ್ಲ. ಅದು ಕ್ಲೋರೈಟ್ ತುಂಬಿದ ಮೆದು ಶಿಲೆ, ನಮ್ಮವರು ಬಳಪದ ಕಲ್ಲು ಅನ್ನುವ ಜಾತಿಯದ್ದು. ಅದರೊಳಗೂ ಇರುವುದು ಅದೇ ಸಿಲಿಕಾನ್, ಅದೇ ನಾಲ್ಕು ಆಕ್ಸಿಜನ್, ಅದೇ ಚತುಷ್ಫಲಕ. ಆದರೆ ಇಲ್ಲಿ ಪ್ರತಿಯೊಂದೂ ನಾಲ್ಕರಲ್ಲಿ ಮೂರು ಮೂಲೆಗಳನ್ನು ಮಾತ್ರ ನೆರೆಯವರಿಗೆ ಕೊಟ್ಟಿದೆ. ನಾಲ್ಕನೆಯದೆಲ್ಲ ಒಂದೇ ಕಡೆಗೆ ಮುಖ ಮಾಡಿದೆ. ಹೀಗೆ ಹಬ್ಬಿದ್ದು ಗೂಡಾಗದೆ ಹಾಳೆಯಾಯಿತು. ಎರಡು ಹಾಳೆಗಳ ನಡುವೆ ಮೆಗ್ನೀಸಿಯಂನ ಅಷ್ಟಫಲಕಗಳ ಒಂದು ಪದರ, ಹೀಗೆ ಪದರದ ಮೇಲೆ ಪದರ. ಪದರದೊಳಗಿನ ಬಂಧ ಬೆಣಚುಕಲ್ಲಿನಷ್ಟೇ ಬಿಗಿ. ಪದರ ಪದರದ ನಡುವಿನ ಹಿಡಿತ ಮಾತ್ರ ಸಡಿಲ. ಶಿಲ್ಪಿಯ ಉಳಿ ಹಾದುಹೋದದ್ದು ಆ ಸಡಿಲಿನಲ್ಲಿ. ಕಂಬವನ್ನು ತಿರುಗಣೆಗೆ ಕೊಟ್ಟು ಕಡೆದಾಗ ಅಷ್ಟು ತೆಳುವಾದ ಉಂಗುರಗಳು ಚಕ್ಕೆಯೇಳದೆ ಎದ್ದು ಬಂದದ್ದೂ, ಮಣಿಗಳ ನಡುವೆ ನೂಲು ತೂರುವಷ್ಟು ಸಂದು ಬಿಡಿಸಲು ಸಾಧ್ಯವಾದದ್ದೂ, ನಾಲ್ಕನೆಯ ಮೂಲೆ ಯಾವ ಕಡೆಗೆ ಮುಖ ಮಾಡಿತು ಎಂಬುದರಿಂದ.